ಹಳೆಯ ಜೀಪಿನ ಇಗ್ನಿಷನ್ ಕಾಯಿಲ್: ಟ್ರಾನ್ಸಿಸ್ಟರ್ ಸುಡುತ್ತಿದೆ, ಕಿಡಿ ಮಾತ್ರ ಬಲವಾಗಿಲ್ಲ

ಪ್ರಶ್ನೆ, ಚಿಕ್ಕಮಗಳೂರಿನಿಂದ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪರಿಚಯದವರ ಕಾಫಿ ತೋಟದಲ್ಲಿ ಮೂಲೆ ಸೇರಿದ್ದ ಪೆಟ್ರೋಲ್ ಜೀಪಿನಿಂದ ಬಿಚ್ಚಿದ, ಎಣ್ಣೆ ತುಂಬಿದ ಡಬ್ಬಿಯಂತಹ ಇಗ್ನಿಷನ್ ಕಾಯಿಲ್ (ಎಂಜಿನ್ನಿನ ಪ್ಲಗ್ಗಿಗೆ ಕಿಡಿ ಒದಗಿಸುವ ಸುರುಳಿ) ನನಗೆ ಸಿಕ್ಕಿದೆ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠಕ್ಕೆ ಇದರಿಂದ ಮಕ್ಕಳೆದುರು ಕಿಡಿ ಹಾರಿಸಿ ತೋರಿಸಬೇಕೆಂಬುದು ನನ್ನ ಆಸೆ. ಬ್ಯಾಟರಿಗೆ ಸೇರುವ ಪ್ರೈಮರಿ ಸುರುಳಿಯ ರೋಧ 3 ಓಮ್ ಇದೆ. ಬಿಟ್ಟು ಬಿಟ್ಟು ಮಿಡಿತ ಕೊಡುವ 555 ಐಸಿಯಿಂದ 2ಎನ್3055 ಟ್ರಾನ್ಸಿಸ್ಟರನ್ನು ನಡೆಸಿದಾಗ ಎರಡು ಟ್ರಾನ್ಸಿಸ್ಟರ್‌ಗಳು ಒಂದರ ಹಿಂದೊಂದು ಸುಟ್ಟುಹೋದವು. ಬಳಿಕ 12 ವೋಲ್ಟ್‌ನ ರಿಲೇಯೊಂದನ್ನು ಕರೆಗಂಟೆಯಂತೆ ತಾನೇ ಬಡಿದುಕೊಳ್ಳುವ ಹಾಗೆ ಜೋಡಿಸಿದೆ. ಈಗ ರಿಲೇಯ ಸಂಪರ್ಕಗಳ ನಡುವೆ ದಪ್ಪನೆಯ ನೀಲಿ ಕಿಡಿ ಉರಿಯುತ್ತದೆ, ಹೊರಗಿನ ತಂತಿಯಲ್ಲಿ ಮಾತ್ರ 3 ಮಿ.ಮೀ. ದಾಟದ ಕೂದಲೆಳೆಯಂತಹ ಕಿಡಿ ಬರುತ್ತದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ 1, ಹಾಸನದಿಂದ

ಕಂಡೆನ್ಸರ್ (ಕೆಪಾಸಿಟರ್) ಹಾಕಿಲ್ಲವೆಂದು ಕಾಣುತ್ತದೆ. ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಸಂಪರ್ಕ) ಇರುವ ಹಳೆಯ ಗಾಡಿಗಳನ್ನು ರಿಪೇರಿ ಮಾಡಿದವರಿಗೆ ಈ ಲಕ್ಷಣ ಚೆನ್ನಾಗಿ ಗೊತ್ತು: ಕಂಡೆನ್ಸರ್ ಸತ್ತರೆ ಪಾಯಿಂಟ್ ಕಪ್ಪಾಗಿ ಸುಡುತ್ತದೆ, ಪ್ಲಗ್ಗಿನಲ್ಲಿ ಕಿಡಿ ಸೊರಗುತ್ತದೆ, ಎಂಜಿನ್ ಮುಕ್ಕರಿಸುತ್ತದೆ. ಕಾಯಿಲ್‌ನಲ್ಲಿ ಕಿಡಿ ಹುಟ್ಟುವುದು ಕರೆಂಟ್ ಹರಿಯುವಾಗ ಅಲ್ಲ, ಅದು ಥಟ್ಟನೆ ಕಡಿದಾಗ. ಸಂಪರ್ಕಗಳು ಬಿಡಿಸಿಕೊಳ್ಳುವಾಗ ನಡುವೆ ಕಿಡಿ ಹೊತ್ತಿಕೊಂಡರೆ ಕರೆಂಟ್ ಕಡಿಯದೆ ಎಳೆದುಕೊಂಡು ಹೋಗುತ್ತದೆ, ನೀವು ಕೂಡಿಟ್ಟ ಶಕ್ತಿಯೂ ಅಲ್ಲೇ ಉರಿದುಹೋಗುತ್ತದೆ. ಸಂಪರ್ಕಗಳಿಗೆ ಅಡ್ಡಲಾಗಿ 0.22 ಮೈಕ್ರೋಫ್ಯಾರಡ್, 600 ವೋಲ್ಟ್ ತಡೆಯುವ ಕಂಡೆನ್ಸರ್ ಹಾಕಿ ನೋಡಿ. ಅವು ಸಾಕಷ್ಟು ದೂರ ಸರಿಯುವವರೆಗೆ ಕರೆಂಟನ್ನು ಅದು ತನ್ನೊಳಗೆ ತೆಗೆದುಕೊಳ್ಳುತ್ತದೆ.

ಉತ್ತರ 2, ಹಾಸನದಿಂದ

ಮೇಲಿನ ಮಾತು ಸರಿ. ಟ್ರಾನ್ಸಿಸ್ಟರ್ ಸುಟ್ಟದ್ದಕ್ಕೂ ಕಾರಣ ಅದೇ ಕಡಿತ. ಕರೆಂಟ್ ನಿಂತ ಕ್ಷಣದಲ್ಲಿ ಪ್ರೈಮರಿಯ ತುದಿಯಲ್ಲೇ 300ರಿಂದ 400 ವೋಲ್ಟ್ ಏಳುತ್ತದೆ, ಕಿಡಿ ಕೊಡುವ ಸೆಕೆಂಡರಿ ಸುರುಳಿಯಲ್ಲಿ ಸುತ್ತುಗಳು ಸುಮಾರು ನೂರು ಪಟ್ಟು ಇರುವುದರಿಂದ ಅದು ಹತ್ತಾರು ಸಾವಿರ ವೋಲ್ಟ್ ಆಗುತ್ತದೆ. 2ಎನ್3055 ತಾಳುವುದು 60 ವೋಲ್ಟ್ ಮಾತ್ರ. ವಾಹನದ ಇಗ್ನಿಷನ್‌ಗೆಂದೇ ತಯಾರಾದ ಐಜಿಬಿಟಿ (ಹೆಚ್ಚು ವೋಲ್ಟ್ ತಾಳುವ ಬಗೆಯ ಟ್ರಾನ್ಸಿಸ್ಟರ್) ಬಳಸಿ. ಪ್ರತಿ ಸಲ 5ರಿಂದ 8 ಮಿಲಿಸೆಕೆಂಡ್ ಕರೆಂಟ್ ಹರಿದರೆ ಸಾಕು. ಹಾಗೆಯೇ ಹರಿಯಬಿಟ್ಟರೆ 4 ಆಂಪಿಯರ್‌ನಂತೆ 48 ವ್ಯಾಟ್ ಶಾಖ ಡಬ್ಬಿಯೊಳಗೆ ಸೇರಿ ಎಣ್ಣೆ ಕಾಯುತ್ತದೆ.

ಕಿಡಿಯ ಉದ್ದದಿಂದ ವೋಲ್ಟ್ ಅಳೆಯಲು ಹೊರಟವರಿಗೂ ಒಂದು ಮಾತು: ಮಿಲಿಮೀಟರಿಗೆ 3 ಸಾವಿರ ವೋಲ್ಟ್ ಎಂಬ ಲೆಕ್ಕ ನುಣುಪಾದ ಸಮತಟ್ಟು ತಟ್ಟೆಗಳ ನಡುವಿನದು, ಮೊಳೆಯ ಮೊನೆಗಳ ನಡುವೆ ಅದಕ್ಕಿಂತ ಕಡಿಮೆಯಲ್ಲೇ ಕಿಡಿ ಹಾರುತ್ತದೆ. ಸಾವಿರ ಮೀಟರಿಗೂ ಎತ್ತರದ ನಿಮ್ಮೂರಿನಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಇರುವುದರಿಂದ ಅಷ್ಟೇ ವೋಲ್ಟ್‌ಗೆ ಕಿಡಿ ಹಾರುವ ದೂರ ಇನ್ನಷ್ಟು ಹೆಚ್ಚುತ್ತದೆ.

ಉತ್ತರ 3, ಸಕಲೇಶಪುರದಿಂದ

ಮಕ್ಕಳೆದುರು ಮಾಡುವುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಫ್ಯಾನಿನ ರೆಗ್ಯುಲೇಟರ್ ಮೂಲಕ ಮನೆಯ 230 ವೋಲ್ಟ್‌ನಿಂದ ಕಾಯಿಲ್ ನಡೆಸುವ ದಾರಿಯನ್ನು ಯಾರಾದರೂ ತೋರಿಸಿದರೆ ಖಂಡಿತ ಮಾಡಬೇಡಿ. ಇಂತಹ ಡಬ್ಬಿ ಕಾಯಿಲ್‌ಗಳಲ್ಲಿ ಸೆಕೆಂಡರಿಯ ಒಂದು ತುದಿ ಸಾಮಾನ್ಯವಾಗಿ ಪ್ರೈಮರಿಗೇ ಸೇರಿರುವುದರಿಂದ ಮೈನ್ಸ್ ನೇರವಾಗಿ ಕೈಗೆ ಬಂದಂತಾಗುತ್ತದೆ. ಬ್ಯಾಟರಿಯಿಂದ ನಡೆಸಿದರೂ ಅದಕ್ಕೆ ಫ್ಯೂಸ್ ಹಾಕಿ, ಕಿಡಿಗೆ 12 ಮಿ.ಮೀ.ಗಿಂತ ಹೆಚ್ಚಿನ ಅಂತರ ಎಂದೂ ಇಡಬೇಡಿ, ದಾರಿ ಸಿಗದ ಕಿಡಿ ಒಳಗಿನ ಇನ್ಸುಲೇಷನ್ ತೂರುತ್ತದೆ. ಪೇಸ್‌ಮೇಕರ್ ಇರುವವರು ಹತ್ತಿರ ಇರಕೂಡದು, ಪೆಟ್ರೋಲ್ ಕೋಣೆಯಲ್ಲೇ ಇರಕೂಡದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. 0.22ರ ಕಂಡೆನ್ಸರ್ ಹಾಕಿದ ಕೂಡಲೇ ರಿಲೇಯೊಳಗಿನ ನೀಲಿ ಬೆಳಕು ಬಹುತೇಕ ಅಡಗಿತು. ಆದರೆ ಮೊದಲು ಕಿಡಿ ಮೊಳೆಗಳ ನಡುವೆ ಹಾರದೆ ಕಾಯಿಲ್‌ನ ಕಪ್ಪು ಮುಚ್ಚಳದ ಮೇಲೆ ಹರಿದಾಡುತ್ತಿತ್ತು. ಮೂರು ದಿನದಿಂದ ಜಡಿಮಳೆ, ಮುಚ್ಚಳದ ಮೇಲೆ ತೇವ ಕೂತಿತ್ತು. ಒಣಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಒಲೆಯ ಪಕ್ಕದಲ್ಲಿಟ್ಟು ಮತ್ತೆ ಜೋಡಿಸಿದೆ. ಈಗ 10 ಮಿ.ಮೀ. ಅಂತರದಲ್ಲಿ ಚಟಪಟನೆ ಬಿಳಿ ಕಿಡಿ ಹಾರುತ್ತಿದೆ. ಐಜಿಬಿಟಿ ತರಿಸುತ್ತೇನೆ, ಆದರೆ ತರಗತಿಗೆ ರಿಲೇಯನ್ನೇ ಒಯ್ಯುತ್ತೇನೆ, ಏಕೆಂದರೆ ಕರೆಂಟ್ ಕಡಿಯುವುದು ಅದರಲ್ಲಿ ಮಕ್ಕಳ ಕಣ್ಣಿಗೆ ಕಾಣುತ್ತದೆ.