ಕೀಲಿನ ನೀರಿನಲ್ಲಿರುವ ಟಿ ಕೋಶಗಳು ಯಾಕೆ ಮಂಕಾಗುತ್ತವೆ?

ಬಯೋಕೆಮ್ ಹುಡುಗಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಬಯೋಕೆಮಿಸ್ಟ್ರಿ ಕೊನೆ ವರ್ಷದಲ್ಲಿದ್ದೇನೆ. ಸೆಮಿನಾರ್‌ಗೆ ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರೋಗ) ಆರಿಸಿಕೊಂಡಿದ್ದೇನೆ. ನಮ್ಮ ಅಮ್ಮನಿಗೆ ಇರುವುದೂ ಅದೇ. ಹಾಗಾಗಿ ಸರಿಯಾಗಿ ತಿಳಿದುಕೊಳ್ಳಲೇಬೇಕು.

ನನಗೆ ಅರ್ಥವಾಗದ್ದು ಇದು. ಊದಿದ ಮೊಣಕಾಲಿನಿಂದ ತೆಗೆದ ನೀರಿನಲ್ಲಿ ಟಿ ಕೋಶಗಳು (ರಕ್ಷಣಾ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣಗಳು) ಬೇಕಾದಷ್ಟಿರುತ್ತವೆ. ಆದರೆ ಅವನ್ನು ಟಿ ಸೆಲ್ ರಿಸೆಪ್ಟರ್ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್) ಮೂಲಕ ಕೆಣಕಿದರೆ, ರಕ್ತದ ಟಿ ಕೋಶಗಳಷ್ಟು ಚೆನ್ನಾಗಿ ಸ್ಪಂದಿಸುವುದಿಲ್ಲ. ಆಕ್ಸಿಡೇಟಿವ್ ಸ್ಟ್ರೆಸ್ (ಆಕ್ಸಿಡೆಂಟ್‌ಗಳು ಅತಿಯಾಗುವುದು) ಕಾರಣ ಅಂತ ಒಂದೇ ಸಾಲಿನಲ್ಲಿ ಬರೆದು ಮುಗಿಸಿರುತ್ತಾರೆ. ಕೆಡುವುದು ರಿಸೆಪ್ಟರಾ, ಅದರ ಕೆಳಗಿನ ಪ್ರೋಟೀನುಗಳಾ?

ಇನ್ನೊಂದು ವಿಷಯ. ಸಂಬಂಧಿಕರೊಬ್ಬರು ಆಂಟಿಆಕ್ಸಿಡೆಂಟ್ ಮಾತ್ರೆ ತಂದುಕೊಟ್ಟಿದ್ದಾರೆ. ‘ಇದಿದ್ದರೆ ಮೆಥೋಟ್ರೆಕ್ಸೇಟ್ ಬೇಡ ಅಲ್ವಾ’ ಅಂತ ಅಮ್ಮ ಕೇಳುತ್ತಿದ್ದಾರೆ.

ಫ್ಲೋ ಲ್ಯಾಬ್ ಅಕ್ಕ

ಮೊದಲು ಅಮ್ಮನ ವಿಷಯ. ಮೆಥೋಟ್ರೆಕ್ಸೇಟ್ ನಿಲ್ಲಿಸಲು ಬಿಡಬೇಡಮ್ಮ. ಕೀಲು ಹಾಳಾಗುವುದನ್ನು ನಿಧಾನಗೊಳಿಸುವ ಔಷಧಿ ಅದು. ಅದರ ಜಾಗಕ್ಕೆ ಯಾವ ಆಂಟಿಆಕ್ಸಿಡೆಂಟ್ ಮಾತ್ರೆಯೂ ಬರುವುದಿಲ್ಲ. ಆ ಡಬ್ಬಿಯನ್ನು ಹಾಗೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಈಗ ಸೆಮಿನಾರ್. ನಾನು ಫ್ಲೋ ಸೈಟೋಮೀಟರ್ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಮುಂದೆ ಕೂತು ಕೆಲಸ ಮಾಡುವವಳು, ಹಾಗಾಗಿ ಇದು ನನಗೆ ತುಂಬಾ ಹತ್ತಿರದ ವಿಷಯ. ‘ಆಕ್ಸಿಡೇಟಿವ್ ಸ್ಟ್ರೆಸ್ ಎಲ್ಲವನ್ನೂ ಸುಡುತ್ತದೆ’ ಅನ್ನುವ ಮಾತನ್ನು ನಿನ್ನ ಸ್ಲೈಡಿನಿಂದ ತೆಗೆದುಬಿಡು. ಹೈಡ್ರೋಜನ್ ಪೆರಾಕ್ಸೈಡ್‌ನಂಥ ಆಕ್ಸಿಡೆಂಟ್ ಎಲ್ಲವನ್ನೂ ಸಮನಾಗಿ ಮುಟ್ಟುವುದಿಲ್ಲ. ಅದು ಹುಡುಕುವುದು ಪ್ರೋಟೀನಿನಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳಲ್ಲಿ ಕೆಲವುಗಳ ಗಂಧಕವನ್ನು. ಯಾವ ಪ್ರೋಟೀನಿನ ಯಾವ ಸಿಸ್ಟೀನ್ ಅನ್ನುವುದೇ ಮುಖ್ಯ.

ನನ್ನ ಪ್ರಕಾರ ನಿನ್ನ ಕಥೆಯ ನಡುವೆ ನಿಲ್ಲಬೇಕಾದ ಪ್ರೋಟೀನ್ ಲ್ಯಾಟ್ (LAT), ರಿಸೆಪ್ಟರಿನ ಸಿಗ್ನಲನ್ನು ಮುಂದಕ್ಕೆ ದಾಟಿಸುವ ಕೊಂಡಿ. ರಿಸೆಪ್ಟರ್ ಎಚ್ಚೆತ್ತಾಗ ಲಿಕ್ (Lck) ಎಂಬ ಕೈನೇಸ್, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವ, ರಿಸೆಪ್ಟರಿನ ಝೀಟಾ ಸರಪಳಿಗೆ ಫಾಸ್ಫೇಟ್ ಹಾಕುತ್ತದೆ. ಅಲ್ಲಿಗೆ ಜ್ಯಾಪ್-70 ಎಂಬ ಇನ್ನೊಂದು ಕೈನೇಸ್ ಬಂದು ಕೂರುತ್ತದೆ. ಅದು ಲ್ಯಾಟ್‌ನ ಟೈರೋಸಿನ್‌ಗಳಿಗೆ ಫಾಸ್ಫೇಟ್ ಹಾಕುತ್ತದೆ. ಲ್ಯಾಟ್ ಮೇಲೆ ಪಿಎಲ್‌ಸಿ ಗ್ಯಾಮಾ-1 ಮುಂತಾದ ಪ್ರೋಟೀನುಗಳು ಬಂದು ಸೇರುತ್ತವೆ, ಆಮೇಲೆ ಕ್ಯಾಲ್ಸಿಯಂ ಏರುತ್ತದೆ. ಇಷ್ಟೆಲ್ಲ ನಡೆಯಲು ಲ್ಯಾಟ್ ಕೋಶಪೊರೆಯಲ್ಲೇ ಇರಬೇಕು. 2000ದಲ್ಲಿ ನೆದರ್ಲ್ಯಾಂಡ್ಸ್‌ನ ಒಂದು ತಂಡ ರುಮಟಾಯ್ಡ್ ರೋಗಿಗಳ ಕೀಲಿನ ನೀರಿನ ಟಿ ಕೋಶಗಳನ್ನು ನೋಡಿತು. ಲ್ಯಾಟ್ ಪೊರೆಯಿಂದ ಜಾರಿ ಕೋಶದೊಳಗೆ ಸೇರಿತ್ತು. ಆ ಕೋಶಗಳಲ್ಲಿ ಆಕ್ಸಿಡೆಂಟ್‌ಗಳನ್ನು ತಣಿಸುವ ಗ್ಲುಟಾಥಯೋನ್ ಕಡಿಮೆಯಿತ್ತು. ಗ್ಲುಟಾಥಯೋನ್ ಏರಿಸುವ ಎನ್-ಅಸಿಟೈಲ್ ಸಿಸ್ಟೀನ್ ಕೊಟ್ಟಾಗ ಲ್ಯಾಟ್ ಮತ್ತೆ ಪೊರೆಗೆ ಬಂತು. ಪ್ರೋಟೀನ್ ನಾಶವಾಗಿರಲಿಲ್ಲ, ತಪ್ಪು ಜಾಗದಲ್ಲಿತ್ತು ಅಷ್ಟೇ. ಇದನ್ನು ಮೊದಲು ಓದಿದಾಗ ನನಗಾದ ಖುಷಿ ಇನ್ನೂ ಇದೆ.

ಝೀಟಾದ ಕಥೆಯೂ ಹೇಳಬೇಕು. 1990ರ ದಶಕದಲ್ಲೇ ಒಂದು ಸಂಗತಿ ಗೊತ್ತಾಗಿತ್ತು. ಕ್ಯಾನ್ಸರ್ ಗೆಡ್ಡೆಯ ಹತ್ತಿರದ ಮ್ಯಾಕ್ರೋಫೇಜ್‌ಗಳು (ರೋಗಾಣು ನುಂಗುವ ಕೋಶಗಳು) ಬಿಡುವ ಪೆರಾಕ್ಸೈಡ್‌ನಿಂದ ಟಿ ಕೋಶಗಳಲ್ಲಿ ಝೀಟಾ ಕಡಿಮೆಯಾಗಿ ಕಾಣುತ್ತದೆ. ‘ಕಾಣುತ್ತದೆ’ ಅಂದದ್ದು ಬೇಕಂತಲೇ. 2003ರಲ್ಲಿ ಫ್ರಾನ್ಸ್‌ನ ಒಂದು ತಂಡ ಇನ್ನೂ ಆಳಕ್ಕೆ ಹೋಯಿತು. ಆಕ್ಸಿಡೇಟಿವ್ ಸ್ಟ್ರೆಸ್‌ನಲ್ಲಿ ಇಂಥ ಪ್ರೋಟೀನುಗಳ ರಚನೆಯೇ ಬದಲಾಗುತ್ತದೆ, ಕೋಶದ ಪ್ರೋಟೀನ್ ಕತ್ತರಿಸುವ ಯಂತ್ರವಾದ ಪ್ರೋಟಿಯಸೋಮ್ ಅವನ್ನು ಕತ್ತರಿಸಿ ಹಾಕುವುದಲ್ಲ ಎಂದು ತೋರಿಸಿತು. ಆಕಾರ ಬದಲಾದರೆ ಆಂಟಿಬಾಡಿ ಗುರುತು ಹಿಡಿಯದೇ ಇರಬಹುದು. ಆದ್ದರಿಂದ ಸ್ಟೇನಿಂಗ್ (ಆಂಟಿಬಾಡಿ ಅಂಟಿದಾಗ ಬರುವ ಹೊಳಪು) ಕಡಿಮೆ ಬಂತು ಅಂದ ಕೂಡಲೇ ಪ್ರೋಟೀನ್ ಕಡಿಮೆ ಅಂತ ಬರೆಯಬೇಡ. ಇನ್ನೊಂದು, ಝೀಟಾ ಬಹುಪಾಲು ಕೋಶದೊಳಗಿರುವ ಸರಪಳಿ. ಪೊರೆಗೆ ತೂತು ಮಾಡದೆ ಅದನ್ನು ಸ್ಟೇನ್ ಮಾಡಲಾಗುವುದಿಲ್ಲ.

ಶಿವಮೊಗ್ಗ ಟು ಸ್ವೀಡನ್

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದು ಸೆಮಿನಾರಿನಲ್ಲಿ ಖಂಡಿತ ಪ್ರಶ್ನೆಯಾಗಿ ಬರುತ್ತದೆ. 2003ರಲ್ಲಿ ಲುಂಡ್‌ನ ರಿಕಾರ್ಡ್ ಹೋಲ್ಮ್‌ಡಾಲ್ ಅವರ ತಂಡ ಇಲಿಗಳಲ್ಲಿ ಆರ್ಥ್ರೈಟಿಸ್ ಜೋರಾಗಿಸುವ ಜೀನ್ ಹುಡುಕಿತು. ಸಿಕ್ಕಿದ್ದು ಎನ್‌ಸಿಎಫ್1. ಅದು ಆಕ್ಸಿಡೆಂಟ್ ತಯಾರಿಸುವ ಕಿಣ್ವವಾದ ನ್ಯಾಡ್‌ಪಿಎಚ್ ಆಕ್ಸಿಡೇಸ್‌ನ ಒಂದು ಭಾಗ. ಆಕ್ಸಿಡೆಂಟ್ ಜಾಸ್ತಿ ಇದ್ದರೆ ರೋಗ ಜಾಸ್ತಿ ಎಂದುಕೊಳ್ಳುತ್ತೇವೆ, ಅಲ್ಲವೇ? ಅಲ್ಲಿ ಕಂಡದ್ದು ಅದಕ್ಕೆ ಉಲ್ಟಾ. ಆಕ್ಸಿಡೆಂಟ್ ಕಡಿಮೆ ಮಾಡುವ ರೂಪದ ಜೀನ್ ಇದ್ದ ಇಲಿಗಳಿಗೇ ರೋಗ ಜೋರಾಗಿತ್ತು. ಅಂದರೆ ಈ ಕಣಗಳು ಟಿ ಕೋಶಗಳಿಗೆ ಕಡಿವಾಣವೂ ಹೌದು. ಮಾತ್ರೆ ನುಂಗಿ ಆಕ್ಸಿಡೆಂಟ್ ಇಳಿಸಿದರೆ ಒಳ್ಳೆಯದಾಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ.

ಬಯೋಕೆಮ್ ಹುಡುಗಿ, ಧಾರವಾಡ

ಅಕ್ಕಾ, ಸರ್, ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಮೆಥೋಟ್ರೆಕ್ಸೇಟ್ ಮುಂದುವರಿಸಲು ಒಪ್ಪಿದ್ದಾರೆ. ಆದರೆ ಒಂದು ಸಂದೇಹ. ಪೆರಾಕ್ಸೈಡ್ ಹಾಕಿದಾಗ ಸಿಗ್ನಲ್ ಜಾಸ್ತಿಯಾಗುತ್ತದೆ ಅಂತಲೂ ಕೆಲವು ಕಡೆ ಓದಿದೆ. ಹೇಗೆ? ನಮ್ಮಲ್ಲಿ ಜುರ್ಕಾಟ್ ಕೋಶಗಳಿವೆ (ಲ್ಯಾಬಿನಲ್ಲಿ ಬೆಳೆಸುವ ಟಿ ಕೋಶಗಳು), ನಾನೇ ಮಾಡಿ ನೋಡಬಹುದಾ?

ಫ್ಲೋ ಲ್ಯಾಬ್ ಅಕ್ಕ

ಎರಡೂ ನಿಜ. ಎಸ್‌ಎಚ್‌ಪಿ-1 ಥರದ ಫಾಸ್ಫಟೇಸ್‌ಗಳ (ಫಾಸ್ಫೇಟ್ ಕೀಳುವ ಕಿಣ್ವಗಳ) ಕೆಲಸ ನಡೆಯುವುದೇ ಒಂದು ಸಿಸ್ಟೀನ್‌ನಿಂದ. ಪೆರಾಕ್ಸೈಡ್ ಅದನ್ನು ಸ್ವಲ್ಪ ಹೊತ್ತು ತಡೆದರೆ ಫಾಸ್ಫೇಟ್ ಕೀಳುವವರಿಲ್ಲ, ಸಿಗ್ನಲ್ ಏರುತ್ತದೆ. ಆ ಬದಲಾವಣೆಯನ್ನು ಕೋಶ ವಾಪಸ್ ಸರಿಮಾಡಿಕೊಳ್ಳಬಲ್ಲದು. ಕೀಲಿನಲ್ಲಿ ಹಾಗಲ್ಲ. ಅಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ದಿನಗಟ್ಟಲೆ ಆಕ್ಸಿಡೆಂಟ್ ಸುರಿಯುತ್ತಲೇ ಇರುತ್ತವೆ. ಹಾಗಾಗಿ ಪ್ರಮಾಣ ಮತ್ತು ಹೊತ್ತು ಎರಡನ್ನೂ ಸ್ಲೈಡಿನಲ್ಲಿ ಬರೆ.

ಮಾಡಿ ನೋಡು, ಖಂಡಿತ. ಮೀಡಿಯಂನಲ್ಲಿ ಮರ್ಕ್ಯಾಪ್ಟೋಎಥನಾಲ್ (ಆಕ್ಸಿಡೆಂಟ್‌ಗಳನ್ನು ತಣಿಸುವ ರಾಸಾಯನಿಕ) ಇದೆಯಾ ಅಂತ ಮೊದಲೇ ಕೇಳಿಕೋ. ಇದ್ದರೆ ನೀನು ಹುಡುಕುವ ಪರಿಣಾಮವನ್ನೇ ಅದು ಅಳಿಸಿಹಾಕುತ್ತದೆ. ಸೀರಂನಲ್ಲಿರುವ ಕ್ಯಾಟಲೇಸ್ ಕೂಡ ಪೆರಾಕ್ಸೈಡನ್ನು ಬೇಗ ಮುಗಿಸುತ್ತದೆ. ಒಂದೇ ಸಲ ಪೆರಾಕ್ಸೈಡ್ ಸುರಿಯುವ ಬದಲು, ಗ್ಲುಟಾಥಯೋನ್ ತಯಾರಿಕೆ ತಡೆಯುವ ಬ್ಯುಥಿಯೋನಿನ್ ಸಲ್ಫಾಕ್ಸಿಮಿನ್ ಹಾಕಿ ಗ್ಲುಟಾಥಯೋನನ್ನು ನಿಧಾನವಾಗಿ ಇಳಿಸು, ಅದು ಕೀಲಿನ ಸ್ಥಿತಿಗೆ ಹತ್ತಿರ. ಸತ್ತ ಕೋಶಗಳನ್ನು ಗುರುತಿಸುವ ಡೈ ಪ್ರತಿ ಟ್ಯೂಬಿಗೂ ಹಾಕು. ರಿಸಲ್ಟ್ ಬಂದ ಮೇಲೆ ಪ್ಲಾಟ್‌ಗಳನ್ನು ಇಲ್ಲೇ ಹಾಕು, ಗೇಟಿಂಗ್ (ಬೇಕಾದ ಕೋಶಗಳನ್ನು ಆರಿಸಿದ ರೀತಿ) ನಾನು ನೋಡುತ್ತೇನೆ.