ಲಕ್ಷದ್ವೀಪದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವುದು ಹೇಗೆ?

ಪ್ರಶ್ನೆ – ಜಯನಗರ ನಿವಾಸಿ
ಬರುವ ಜನವರಿಯಲ್ಲಿ ತಾಯಿಯವರನ್ನು ಕರೆದುಕೊಂಡು ಲಕ್ಷದ್ವೀಪಕ್ಕೆ ಹೋಗಬೇಕೆಂದಿದ್ದೇನೆ. ಬೆಂಗಳೂರಿನಿಂದ ಅಗತ್ತಿಯವರೆಗೆ ವಿಮಾನದಲ್ಲಿ ಹೋಗಬಹುದು. ಅಲ್ಲಿಂದ ಮುಂದೆ ಕವರತ್ತಿ, ಕಡಮತ್, ಸಾಧ್ಯವಾದರೆ ಮಿನಿಕಾಯ್ ನೋಡಲು ಯಾವ ವ್ಯವಸ್ಥೆಯನ್ನು ನಂಬಬಹುದು? ತಾಯಿಯವರಿಗೆ ಮಂಡಿನೋವಿದೆ.

ಉತ್ತರ – ಬಸವನಗುಡಿಯಿಂದ
ಜನವಸತಿಯಿರುವ 10 ದ್ವೀಪಗಳ ಪೈಕಿ ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ಉಳಿದೆಡೆಗೆ ಹಡಗು ಅಥವಾ ವೇಗದ ದೋಣಿಯೇ ಗತಿ. ಮಂಡಿನೋವಿನವರು ದೂರಕ್ಕಿಂತ ಹೆಚ್ಚಾಗಿ ಇಳಿಯುವ ಕ್ರಮವನ್ನು ವಿಚಾರಿಸಬೇಕು. ಹವಳದ ದಿಬ್ಬದೊಳಗಿನ ನೀರಿಗೆ ಆಳವಿಲ್ಲದ ಕಾರಣ ದೊಡ್ಡ ಹಡಗು ಸಾಮಾನ್ಯವಾಗಿ ಹೊರಗೇ ನಿಂತು, ಪಕ್ಕದ ಬಾಗಿಲಿನಿಂದ ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸುತ್ತದೆ. ಅಲೆಗೆ ದೋಣಿ ಮೇಲೆದ್ದ ಕ್ಷಣ ನೋಡಿಕೊಂಡು ಕಾಲಿಡಬೇಕು. ದೋಣಿಯವರು ಎರಡೂ ತೋಳು ಹಿಡಿದು ಇಳಿಸಿಕೊಳ್ಳುತ್ತಾರೆ, ನಿಜ, ಆದರೂ ಹೆದರುವವರಿಗೆ ಅದು ಸುಲಭವಲ್ಲ. ಮಿನಿಕಾಯ್ ಅನ್ನು ಈ ಸಲ ಕೈಬಿಡಿ. ಅದು ಒಂಬತ್ತು ಡಿಗ್ರಿ ಕಾಲುವೆ ಎಂಬ ಅಗಲವಾದ ಕಡಲ ಹಾದಿಯ ಆಚೆ, ಉಳಿದ ದ್ವೀಪಗಳಿಂದ ಬಹು ದೂರದಲ್ಲಿ ಒಂಟಿಯಾಗಿದೆ.

ಉತ್ತರ – ಮಲ್ಲೇಶ್ವರದಿಂದ
ಮಿನಿಕಾಯ್ ನೋಡಲೇಬೇಕೆಂದರೆ ಒಂದು ದಾರಿಯಿದೆ. ಆಡಳಿತದ ಪ್ರವಾಸೋದ್ಯಮ ಸಂಸ್ಥೆಯ ‘ಸಮುದ್ರಂ’ ಪ್ರವಾಸದಲ್ಲಿ ಕೊಚ್ಚಿಯಿಂದ ಹೊರಡುವ ಹಡಗೇ ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳಿಗೆ ಹೋಗುತ್ತದೆ. ಹಗಲು ದ್ವೀಪ, ರಾತ್ರಿ ಹಡಗಿನಲ್ಲೇ ನಿದ್ದೆ. ಆದರೆ ಮೇಲೆ ಹೇಳಿದ ಇಳಿಯುವ ಹತ್ತುವ ಕಷ್ಟ ಪ್ರತಿದಿನವೂ ಇರುತ್ತದೆ. ಅಗತ್ತಿ ಮತ್ತು ಕವರತ್ತಿಯ ನಡುವಿನ ಹೆಲಿಕಾಪ್ಟರನ್ನು ನೆಚ್ಚಿಕೊಳ್ಳಬೇಡಿ. ತುರ್ತು ರೋಗಿಗಳನ್ನು ಸಾಗಿಸುವುದಕ್ಕೇ ಅಲ್ಲಿ ಮೊದಲ ಆದ್ಯತೆ. ಪ್ರವೇಶ ಪರವಾನಗಿಯಲ್ಲಿ ನೀವು ಹೋಗುವ ಪ್ರತಿಯೊಂದು ದ್ವೀಪದ ಹೆಸರೂ ಇದೆಯೇ ಎಂದು ಟಿಕೆಟ್ ಕೊಳ್ಳುವ ಮುನ್ನ ನೋಡಿಕೊಳ್ಳಿ.

ಉತ್ತರ – ಮಂಗಳೂರಿನವರು, ಈಗ ವಿಜಯನಗರ
ನನ್ನ ಸಲಹೆ: ಅಗತ್ತಿಯಲ್ಲೇ ತಂಗಿ, ಅಲ್ಲಿಂದ ದೋಣಿಯಲ್ಲಿ ಹತ್ತಿರದ ಬಂಗಾರಂ ದ್ವೀಪಕ್ಕೆ ಹೋಗಿಬನ್ನಿ. ಕಡಮತ್ ಸೇರಿಸುವುದಾದರೆ ವೇಗದ ದೋಣಿಯ ವೇಳಾಪಟ್ಟಿಯನ್ನು ಹಿಂದಿನ ದಿನವೇ ಖಚಿತಪಡಿಸಿಕೊಂಡು, ಮರಳುವ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಬಿಡಿ, ಏಕೆಂದರೆ ಕಡಲು ಕೆಟ್ಟರೆ ದೋಣಿ ಹೊರಡುವುದಿಲ್ಲ. (ಕಡಮತ್, ಅಮಿನಿ, ಕಿಲ್ತಾನ್‌ಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ನಮ್ಮೂರ ಹಳೆ ಬಂದರಿನ ನಂಟು ಅವುಗಳೊಂದಿಗೆ ಬಹಳ ಹಳೆಯದು.) ದ್ವೀಪದೊಳಗೆ ಚಿಂತೆಯಿಲ್ಲ. ಅಗತ್ತಿ ಉದ್ದಕ್ಕೆ ಚಾಚಿಕೊಂಡಿರುವ ಕಿರಿದಾದ ದ್ವೀಪ. ನೀವು ಸೈಕಲ್ಲಿನಲ್ಲೇ ಸುತ್ತಬಹುದು, ತಾಯಿಯವರಿಗೆ ಆಟೊ ಹೇಳಿಡಲು ತಂಗುವ ಮನೆಯವರಿಗೆ ಮೊದಲೇ ತಿಳಿಸಿ.