ಗಾಳಿಯಲ್ಲೇ ಹಿಡಿದರೆ ಬದುಕುತ್ತಾರಾ?

ಪ್ರಶ್ನೆ: 1978ರ ಸೂಪರ್‌ಮ್ಯಾನ್‌ ಸಿನಿಮಾದಲ್ಲಿ ಹೆಲಿಕಾಪ್ಟರಿನಿಂದ ಬಿದ್ದ ಪತ್ರಕರ್ತೆ ಲೋಯಿಸ್‌ಳನ್ನು ಅವನು ಗಾಳಿಯಲ್ಲೇ ಹಿಡೀತಾನೆ. ನೆಲಕ್ಕೇ ಬೀಳಲಿಲ್ಲವಲ್ಲ, ಏಟೆಲ್ಲಿಂದ ಬರುತ್ತೆ ಅಂತಾನೆ ತಮ್ಮ. ನನಗೇಕೋ ಒಪ್ಪಿಗೆಯಾಗ್ತಿಲ್ಲ.

ಉತ್ತರ: ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡ್ತೀನಿ, ಇದು ನನಗೆ ತುಂಬಾ ಇಷ್ಟದ ಲೆಕ್ಕ. ಗಾಳಿಯ ತಡೆ ಬಿಟ್ಟರೆ, 100 ಮೀಟರ್ ಬಿದ್ದವರ ವೇಗ ಗಂಟೆಗೆ ಸುಮಾರು 160 ಕಿ.ಮೀ. ತೋಳು ಬಗ್ಗುವ ಅರ್ಧ ಮೀಟರಿನಲ್ಲೇ ಅದನ್ನು ನಿಲ್ಲಿಸಿದರೆ ಮೈಮೇಲೆ ಗುರುತ್ವದ 200 ಪಟ್ಟು ಹೊಡೆತ. ಉಕ್ಕಿನ ತೋಳಾದರೇನು, ಕಾಂಕ್ರೀಟಾದರೇನು! ಜೊತೆಜೊತೆಗೇ ಇಳಿಯುತ್ತಾ 50 ಮೀಟರಿನಲ್ಲಿ ನಿಧಾನಿಸಿದರೆ ಬರೀ 2 ಪಟ್ಟು.

ಇನ್ನೊಬ್ಬರು: ಆದರೆ ಅವನು ಕೆಳಗಿನಿಂದ ಮೇಲಕ್ಕೆ ಹಾರಿ ಬರ್ತಾನಲ್ಲ ಸರ್?

ಉತ್ತರ: ಹಾಗಾದರೆ ಇನ್ನೂ ಅಪಾಯ, ಎರಡೂ ವೇಗ ಕೂಡುತ್ತವೆ. 1973ರ ಸ್ಪೈಡರ್‌ಮ್ಯಾನ್ ಕಾಮಿಕ್ ನೋಡಿ: ಸೇತುವೆಯಿಂದ ಬಿದ್ದ ನಾಯಕನ ಪ್ರೇಯಸಿ ಗ್ವೆನ್‌ಳನ್ನು ಬಲೆ ತಡೆದ ಚಿತ್ರದಲ್ಲಿ, ಕತ್ತಿನ ಪಕ್ಕ ಪುಟ್ಟದಾಗಿ ‘ಸ್ನ್ಯಾಪ್’ ಅಂತ ಮುರಿದ ಸದ್ದು ಬರೆದಿದೆ. ಬರೆದವರು ಸತ್ಯ ಹೇಳಿದ್ದಾರೆ.